ಚೆಂಡು ನಿಲ್ಲಿಸುವವಳು

ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಎಂದರೇನು, ನಿಮಗೆ ಗೊತ್ತೇ ಸೋದರಿಯರೇ? ಗೋಣಿಕೊಪ್ಪಕ್ಕೆ ಬರುವವರೆಗೆ ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಕೊಡವರ ಹುಡುಗಿ ನಮ್ಮ ಅಂಗಳದಲ್ಲೇ ನಿಂತು ಹೇಳಿಕೊಟ್ಟಳು. ಒಬ್ಬಳು ಗೋಲಿನ ಪಕ್ಕದ ಗೆರೆಯಿಂದ ಚೆಂಡನ್ನು ತಳ್ಳಬೇಕು. ಇನ್ನೊಬ್ಬಳು ಅದನ್ನು 'ಡಿ' ಗೆರೆಯ ಆಚೆ ನಿಲ್ಲಿಸಬೇಕು. ಮೂರನೆಯವಳು ಹೊಡೆಯಬೇಕು. ಎದುರಾಳಿಗಳಲ್ಲಿ ಗೋಲ್‌ಕೀಪರ್ ಸೇರಿ ಐವರು ತಡೆಯಲು ನಿಂತಿರುತ್ತಾರೆ. ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಎಲ್ಲ ಮುಗಿಯಿತು! ಗೋಲಾದರೆ ಬರೆದುಕೊಳ್ಳುವುದು ಹೊಡೆದವಳ ಹೆಸರು. ಚೆಂಡು ಸ್ವಲ್ಪ ಪುಟಿದರೂ ಬೈಸಿಕೊಳ್ಳುವವಳು ನಿಲ್ಲಿಸಿದವಳು.

ನಮ್ಮ ಹುಡುಗಿ ನಿಲ್ಲಿಸುವವಳು. ಹೊಡೆಯುವವಳು ಅವಳ ಪ್ರಾಣಸ್ನೇಹಿತೆ. ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗಿ, ಒಂದೇ ಡಬ್ಬಿಯ ಕಡಂಬುಟ್ಟು ತಿಂದು ಬೆಳೆದವರು. ಹದಿನಾಲ್ಕು ತುಂಬುವ ಹೊತ್ತಿಗೆ ಇವಳಿಗೂ ಹೊಡೆಯುವ ಆಸೆ ಬಂತು. ಬರಬಾರದೇ? ಕೋಚ್ ಇಬ್ಬರನ್ನೂ ಕೆಲವು ದಿನ ಪರೀಕ್ಷಿಸಿ, ಮತ್ತೆ ಅವಳನ್ನೇ ಆರಿಸಿದರು. ಅಂದಿನಿಂದ ಸೀಟು ಬೇರೆ, ಡಬ್ಬಿ ಬೇರೆ.

ಇಲ್ಲಿಯವರೆಗಿನದು ಮಕ್ಕಳ ಜಗಳ. ಮುಂದಿನದು ನಮ್ಮ, ದೊಡ್ಡವರ ಕೆಲಸ. ಒಂದು ಸಂಜೆ ಇವಳ ತಾಯಿ ಕಾಫಿ ಕುಡಿಯುತ್ತಾ, "ಆ ಹುಡುಗಿ ಅಪ್ಪಂಗೂ ಕೋಚಿಗೂ ಚೆನ್ನಾಗಿದೆ ಅಕ್ಕಾ, ಅದಕ್ಕೇ" ಎಂದರು. ನಾನಾದರೂ ಸುಮ್ಮನಿದ್ದೆನೇ? "ಚೆಂಡು ನಿಲ್ಲಿಸೋದೇ ಬೇಡ ಬಿಡು ಮರಿ, ಆಗ ಗೊತ್ತಾಗುತ್ತೆ ಅವಳಿಗೆ" ಎಂದುಬಿಟ್ಟೆ. ತಮಾಷೆಗೆ ಅಂದದ್ದು. ಹುಡುಗಿ ನಗಲಿಲ್ಲ. "ಬೇಕಂತ ಬಿಟ್ರೆ ಅವಳಿಗೆ ಗೊತ್ತಾಗಲ್ವಾ ಆಂಟಿ? ನನ್ನ ಕೈ ಅವಳಿಗೆ ಗೊತ್ತು" ಎಂದು ಎದ್ದು ಹೋದಳು. ಮಕ್ಕಳು ಆಡಿ ದಣಿದು ಬಂದಾಗ ಮೊದಲು ತಿನ್ನಲು ಏನಾದರೂ ಕೊಡಿ. ಕೋಚಿನ ಸುದ್ದಿ ನಾವಾಗಿ ಎತ್ತುವುದೇ ಬೇಡ. ನಾನು ಕಲಿತದ್ದು ಇಷ್ಟೇ, ಅದೂ ತಡವಾಗಿ.

ಕೊಡಗಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ನಿಮಗೆ ತಿಳಿದಿರಬಹುದು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಆರಂಭವಾದದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360ಕ್ಕೆ ಏರಿತು. ಅಲ್ಲಿ ಮನೆತನವೇ ತಂಡ. ಗಂಡು ಹೆಣ್ಣು, ಹಿರಿಯರು ಕಿರಿಯರು ಕೂಡಿಯೇ ಆಡುತ್ತಾರೆ. ಶಾಲೆಯ ಜೊತೆಗಾತಿ ಬೇಸಿಗೆ ರಜೆಯಲ್ಲಿ ಎದುರಾಳಿ! ಆ ಸಲ ಇವರಿಬ್ಬರ ಮನೆತನಗಳೇ ಎದುರುಬದುರಾದವು. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸ್ನೇಹಿತೆ ಹೊಡೆಯಲು ನಿಂತಳು, ನಮ್ಮವಳು ತಡೆಯುವ ಐವರಲ್ಲಿ ಒಬ್ಬಳು. ಅವಳು ಯಾವ ಕಡೆಗೆ ಹೊಡೆಯುತ್ತಾಳೆಂದು ಇವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ನೇರ ಅಲ್ಲಿಗೇ ಓಡಿದಳು. ಚೆಂಡು ಸ್ಟಿಕ್ಕಿಗೆ ತಾಗಿ ಮೊಣಕಾಲಿಗೆ ಬಡಿಯಿತು, ಗೋಲಾಗಲಿಲ್ಲ. ಐಸ್ ಹಿಡಿದು ಮೊದಲು ಓಡಿಬಂದವಳು ಹೊಡೆದವಳೇ. "ನನ್ನ ಗೋಲ್ ತಿಂದ್ಯಲ್ಲೇ" ಎಂದು ಬೈಯುತ್ತಲೇ ಐಸ್ ಒತ್ತುತ್ತಿದ್ದಳು.

ಶಾಲೆ ತೆರೆದ ಮೇಲೆ ಡಬ್ಬಿ ಮತ್ತೆ ಒಂದಾಯಿತು. ಹೊಡೆಯುವ ಸ್ಥಾನ ಮಾತ್ರ ಈಗಲೂ ಅವಳದೇ. ನಮ್ಮವಳು ಸಂಜೆ ಹೊತ್ತು ನಮ್ಮ ಬಚ್ಚಲುಮನೆಯ ಗೋಡೆಗೆ ಹೊಡೆದು ಹೊಡೆದು ಅಭ್ಯಾಸ ಮಾಡುತ್ತಾಳೆ. ಗಾರೆ ಉದುರುತ್ತಿದೆ. ನಾನು ಏನೂ ಅನ್ನುವುದಿಲ್ಲ.