ಎಸೆದವನ ಹೆಸರು ಗೊತ್ತು, ಹಿಡಿದವನ ಹೆಸರು?



ಒಂದು ಕೈಯಿಂದ ಚಪ್ಪಾಳೆ ಆಗೋದಿಲ್ಲ ಅಂತ ಹಿರಿಯರು ಹೇಳ್ತಾರೆ. ಆದರೆ ಆಟ ಗೆದ್ದ ಮೇಲೆ ನಾವು ಒಬ್ಬನನ್ನೇ ಹೆಗಲ ಮೇಲೆ ಹೊತ್ತು ಕುಣೀತೇವೆ. ಅವನ ಜೊತೆ ಇನ್ನೊಂದು ಕೈ ಯಾರದು ಇತ್ತು ಅಂತ ಕೇಳೋದೇ ಇಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳೋದಕ್ಕೆ ದೂರದ ಅಮೆರಿಕದ ಒಂದು ಕ್ಯಾಚಿನ ಕಥೆ ತಗೊಂಡಿದ್ದೇನೆ. 40 ವರ್ಷ ದಾಟಿದರೂ ಅಲ್ಲಿನ ಜನ ಅದನ್ನು ನೆನೆಸಿಕೊಂಡು ಮಾತಾಡ್ತಾನೇ ಇದ್ದಾರೆ.

ಮೊದಲು ಆಟ ಎಂಥದ್ದು ಅಂತ ತಿಳಿದುಕೊಳ್ಳೋಣ. ಅಮೆರಿಕದವರು ಫುಟ್‌ಬಾಲ್ ಅನ್ನೋದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಅವರ ಚೆಂಡು ದುಂಡಗಿರೋದಿಲ್ಲ, ಎರಡು ತುದಿಯೂ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡ್ತಾರೆ, ಎಸೀತಾರೆ. ತಂಡಕ್ಕೆ 11 ಜನ. ಮೈದಾನ 100 ಗಜ ಉದ್ದ. ಅದರ ಆಚೆ ಎರಡೂ ತುದಿಗೆ 10 ಗಜದ ಒಂದೊಂದು ಪಟ್ಟಿ ಇರುತ್ತದೆ. ಎದುರಾಳಿ ಕಾಯುವ ಪಟ್ಟಿಯೊಳಗೆ ಚೆಂಡು ತಗೊಂಡು ಹೋದರೆ, ಇಲ್ಲವೇ ಆ ಪಟ್ಟಿಯೊಳಗೆ ಕ್ಯಾಚ್ ಹಿಡಿದರೆ 6 ಅಂಕ. ಚೆಂಡು ಎಸೆಯುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅಲ್ಲಿ ಕಾಲೇಜು ಹುಡುಗರ ಆಟ ಅಂದರೆ ನಮ್ಮೂರ ಜಾತ್ರೆ ಇದ್ದ ಹಾಗೆ, ಸಾವಿರ ಸಾವಿರ ಜನ ಸೇರ್ತಾರೆ.

1984ರ ನವೆಂಬರ್ 23, ಶುಕ್ರವಾರ. ಮಯಾಮಿ ನಗರದ ಆರೆಂಜ್ ಬೌಲ್ ಕ್ರೀಡಾಂಗಣ. ಒಂದು ಕಡೆ ಮಯಾಮಿ ವಿಶ್ವವಿದ್ಯಾಲಯ. ಅದು ಹಿಂದಿನ ವರ್ಷ ಇಡೀ ದೇಶಕ್ಕೆ ಚಾಂಪಿಯನ್ ಆಗಿದ್ದ ತಂಡ. ಇನ್ನೊಂದು ಕಡೆ ಬಾಸ್ಟನ್ ಕಾಲೇಜು. ಆ ದಿನ ಮಳೆ, ಜೊತೆಗೆ ಜೋರು ಗಾಳಿ. ಆದರೂ ಎರಡು ತಂಡದವರೂ ಬಿಡದೆ ಅಂಕ ಗಳಿಸುತ್ತಾ ಹೋದರು. ಆಟ ಮುಗಿಯಲು 28 ಸೆಕೆಂಡು ಇದ್ದಾಗ ಮಯಾಮಿ ಮುಂದೆ ಹೋಯಿತು: 45-41. ಅಲ್ಲಿಗೆ ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು.

ಬಾಸ್ಟನ್ ಹುಡುಗರು ಬೇಗ ಬೇಗ ಮುಂದೆ ಬಂದರು. ಕೊನೆಗೆ ಉಳಿದದ್ದು 6 ಸೆಕೆಂಡು. ಗೆಲುವಿನ ಪಟ್ಟಿ ಇನ್ನೂ 48 ಗಜ ದೂರ. ಅವರ ಕ್ವಾರ್ಟರ್‌ಬ್ಯಾಕ್ ಡಗ್ ಫ್ಲೂಟಿ. ಎತ್ತರ 5 ಅಡಿ 10 ಅಂಗುಲ ಅಷ್ಟೇ, ಆ ಆಟಕ್ಕೆ ಇದು ಕುಳ್ಳು. ಚೆಂಡು ಕೈಗೆ ಬಂದ ಕೂಡಲೇ ಎದುರಾಳಿಗಳು ಮೇಲೆ ಬಿದ್ದರು. ಅವನು ತಪ್ಪಿಸಿಕೊಂಡು ಹಿಂದೆ ಓಡಿ, ಇನ್ನೂ ಹತ್ತಿಪ್ಪತ್ತು ಹೆಜ್ಜೆ ದೂರದಿಂದ ಗಾಳಿಗೆ ಎದುರಾಗಿ ಬೀಸಿ ಎಸೆದ. ಚೆಂಡು 60 ಗಜಕ್ಕೂ ಹೆಚ್ಚು ಹಾರಿತು. ಇಷ್ಟು ದೂರ ಈ ಹುಡುಗ ಎಸೆಯೋಕೆ ಸಾಧ್ಯವೇ ಇಲ್ಲ ಅಂತ ಮಯಾಮಿಯ ಕಾವಲುಗಾರರು ಸ್ವಲ್ಪ ಮುಂದೆಯೇ ನಿಂತಿದ್ದರು. ಅವರ ಹಿಂದೆ ಒಬ್ಬ ಸದ್ದಿಲ್ಲದೆ ಹೋಗಿ ನಿಂತಿದ್ದ. ಎಲ್ಲರೂ ಹಾರಿದರು. ಚೆಂಡು ಅವರ ಕೈ ದಾಟಿ ಬಂತು. ಹಿಂದೆ ನಿಂತವನು ಅದನ್ನು ಎದೆಗವಚಿಕೊಂಡು ಪಟ್ಟಿಯೊಳಗೆ ಅಂಗಾತ ಬಿದ್ದ. ಗಡಿಯಾರದಲ್ಲಿ ಸಮಯ ಇರಲಿಲ್ಲ. ಬಾಸ್ಟನ್ 47, ಮಯಾಮಿ 45!

ಗೆಳೆಯರೇ, ಈಗ ಹೇಳಿ, ಹಿಡಿದವನ ಹೆಸರೇನು? ನಾನು ಇನ್ನೂ ಹೇಳೇ ಇಲ್ಲ. ನೀವೂ ಕೇಳಲಿಲ್ಲ. ಆ ಕ್ಯಾಚಿನ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ.

ಅವನ ಹೆಸರು ಜೆರಾರ್ಡ್ ಫೀಲನ್. ಕಾಲೇಜಿನಲ್ಲಿ ಫ್ಲೂಟಿಯೂ ಅವನೂ ಒಂದೇ ಕೋಣೆಯಲ್ಲಿದ್ದವರು. ಆ ಒಂದೇ ದಿನ ಫೀಲನ್ 11 ಸಲ ಚೆಂಡು ಹಿಡಿದು ತಂಡಕ್ಕೆ 226 ಗಜ ಗಳಿಸಿಕೊಟ್ಟಿದ್ದ.

ಅಮೆರಿಕದಲ್ಲಿ ಇಂಥ ಕೊನೆಯ ಗಳಿಗೆಯ ದೂರದ ಎಸೆತಕ್ಕೆ 'ಹೇಲ್ ಮೇರಿ' ಅಂತಾರೆ. ಅದು ಕ್ರೈಸ್ತರು ಮೇರಿ ಮಾತೆಗೆ ಮಾಡುವ ಪ್ರಾರ್ಥನೆಯ ಹೆಸರು. ಎಸೆದ ಮೇಲೆ ಉಳಿದದ್ದು ದೇವರಿಗೆ ಬಿಟ್ಟದ್ದು ಎಂದು ಅರ್ಥ. 1975ರಲ್ಲಿ ರೋಜರ್ ಸ್ಟೌಬಾಕ್ ಎಂಬ ಆಟಗಾರ ಹೀಗೆ ಎಸೆದು ಗೆದ್ದ ಮೇಲೆ ಈ ಮಾತು ಎಲ್ಲರ ಬಾಯಿಗೆ ಬಂತು. ಮಯಾಮಿಯ ಎಸೆತಕ್ಕೆ ಜನ ಇಟ್ಟ ಹೆಸರು 'ಹೇಲ್ ಫ್ಲೂಟಿ'. ಆಮೇಲೆ ಬಾಸ್ಟನ್ ಕಾಲೇಜಿಗೆ ಸೇರಲು ಬರುವ ಅರ್ಜಿಗಳು ಹೆಚ್ಚಾದವು. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅಂತ ತಿಳಿದವರು ಹೇಳ್ತಾರೆ. ಆದರೂ ಆಟದಲ್ಲಿ ಗೆದ್ದ ಕಾಲೇಜಿಗೆ ಅರ್ಜಿ ಹೆಚ್ಚಾದರೆ ಅದಕ್ಕೆ ಇವತ್ತಿಗೂ 'ಫ್ಲೂಟಿ ಎಫೆಕ್ಟ್' ಅನ್ನುತ್ತಾರೆ. 2008ರಲ್ಲಿ ಕಾಲೇಜಿನ ಕ್ರೀಡಾಂಗಣದ ಹೊರಗೆ ಪ್ರತಿಮೆ ನಿಲ್ಲಿಸಿದರು. ಅದೂ ಫ್ಲೂಟಿಯದೇ, ಚೆಂಡು ಎಸೆಯಲು ಕೈ ಎತ್ತಿರುವ ಪ್ರತಿಮೆ. ಆ ಚೆಂಡನ್ನು ಹಿಡಿಯೋಕೆ ಎದುರಿಗೆ ಯಾರೂ ಇಲ್ಲ!

ಫ್ಲೂಟಿ ದೊಡ್ಡ ಆಟಗಾರನಲ್ಲ ಅಂತ ನಾನು ಹೇಳ್ತಾ ಇಲ್ಲ. ಆ ದಿನ ಅವನು ಎಸೆದು ಗಳಿಸಿದ್ದು 472 ಗಜ. ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಅವನಿಗೇ ಬಂತು. ಆದರೆ ನೆನಪು ಹೇಗೆ ಮೋಸ ಮಾಡುತ್ತದೆ ನೋಡಿ. ಆ ಎಸೆತದಿಂದಲೇ ಟ್ರೋಫಿ ಬಂತು ಅಂತ ಅನೇಕರು ಹೇಳ್ತಾರೆ. ನಿಜವಾಗಿ ಮತಗಳಲ್ಲಿ ಬಹುಪಾಲು ಆ ಆಟಕ್ಕೆ ಮೊದಲೇ ಬಿದ್ದಾಗಿತ್ತು. ಜನರ ನೆನಪು ಒಬ್ಬನ ಲೆಕ್ಕಕ್ಕೆ ಇಲ್ಲದ್ದನ್ನೂ ಸೇರಿಸುತ್ತದೆ, ಇನ್ನೊಬ್ಬನ ಲೆಕ್ಕದಿಂದ ಇದ್ದದ್ದನ್ನೂ ಕಳೆಯುತ್ತದೆ.

ಇನ್ನೊಂದು ಮಾತು. ಅದು ಬರೀ ದೇವರ ಮೇಲೆ ಭಾರ ಹಾಕಿದ ಎಸೆತವೂ ಅಲ್ಲ. ಆ ಆಟಕ್ಕೆ ತಂಡದಲ್ಲಿ 'ಫ್ಲಡ್ ಟಿಪ್' ಅಂತ ಹೆಸರಿತ್ತು. ತರಬೇತುದಾರ ಜಾಕ್ ಬಿಕ್‌ನೆಲ್ ಅದನ್ನು ಮೊದಲೇ ಅಭ್ಯಾಸ ಮಾಡಿಸಿದ್ದರು. ಹಲವರು ಪಟ್ಟಿಯ ಕಡೆ ಒಟ್ಟಿಗೆ ಓಡಬೇಕು. ಹಿಡಿಯಲು ಆಗದವನು ಚೆಂಡನ್ನು ತಟ್ಟಿ ಪಕ್ಕದವನಿಗೆ ಕೊಡಬೇಕು. ಅಂದರೆ ಚೆಂಡು ಮುಟ್ಟದೆ ಸುಮ್ಮನೆ ಓಡಿದವರೂ ಆ ಗೆಲುವಿನಲ್ಲಿ ಪಾಲುದಾರರು.

ಮುಂದೇನಾಯಿತು ಕೇಳಿ. ಫ್ಲೂಟಿ ಕೆನಡಾದಲ್ಲೂ ಅಮೆರಿಕದಲ್ಲೂ 2005ರವರೆಗೆ ವೃತ್ತಿಪರನಾಗಿ ಆಡಿ ಹೆಸರು, ಹಣ ಎರಡೂ ಗಳಿಸಿದ. ಫೀಲನ್‌ನನ್ನೂ 1985ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಆರಿಸಿಕೊಂಡಿತ್ತು. ಆದರೆ ಮಂಡಿಗೆ ಪೆಟ್ಟಾಯಿತು, ಅವನ ಆಟ ಅಲ್ಲಿಗೇ ನಿಂತಿತು. ಹೀಗಾಗಿ ಫ್ಲೂಟಿಗೆ ನೆನಪಿಡುವಂಥ ಆಟ ನೂರು ಇರಬಹುದು. ಫೀಲನ್‌ಗೆ ಜನ ನೆನೆಯುವುದು ಆ ಒಂದು ಕ್ಯಾಚು. ಅದರಿಂದಲೂ ಅವನ ಹೆಸರು ತೆಗೆದುಬಿಟ್ಟರೆ ಉಳಿಯೋದೇನು?

ಯಾವಾಗಲೂ ಹಿಡಿದವನೇ ಮರೆತುಹೋಗ್ತಾನೆ ಅಂತಲೂ ಅಲ್ಲ. 1983ರ ಜೂನ್ 25ರಂದು ವಿಶ್ವಕಪ್ ಫೈನಲ್‌ನಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡಿ ವಿವಿಯನ್ ರಿಚರ್ಡ್ಸ್ ಕ್ಯಾಚ್ ಹಿಡಿದದ್ದು ನಮ್ಮ ಅಜ್ಜಂದಿರಿಗೂ ಗೊತ್ತು. ಆ ಬಾಲ್ ಹಾಕಿದ್ದು ಯಾರು? ಮದನ್ ಲಾಲ್. ಎಷ್ಟು ಜನಕ್ಕೆ ನೆನಪಿದೆ? ಅಲ್ಲಿ ಹಿಡಿದವರು ಉಳಿದರು, ಎಸೆದವರು ಮರೆಯಾದರು. ಅದೇ ಫೈನಲ್‌ನಲ್ಲಿ ಸಂಧು ಬೌಲಿಂಗ್‌ಗೆ ಬ್ಯಾಕಸ್ ಕ್ಯಾಚ್ ಹಿಡಿದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಇದನ್ನಂತೂ ಹೇಳೋರೇ ಕಡಿಮೆ. ಒಟ್ಟಿನಲ್ಲಿ ಜನರ ಬಾಯಲ್ಲಿ ಒಬ್ಬರಿಗೇ ಜಾಗ.

ಆದರೆ ಸ್ಕೋರ್ ಪುಸ್ತಕ ಹಾಗಲ್ಲ. ಕ್ರಿಕೆಟ್ ಪುಸ್ತಕದಲ್ಲಿ ರಿಚರ್ಡ್ಸ್ ಹೆಸರಿನ ಮುಂದೆ ಕ್ಯಾಚ್ ಕಪಿಲ್ ದೇವ್, ಬೌಲ್ಡ್ ಮದನ್ ಲಾಲ್ ಎಂದು ಎರಡು ಹೆಸರೂ ಇವೆ. ಅಮೆರಿಕದವರ ಲೆಕ್ಕದಲ್ಲೂ ಹಿಡಿದ ಫೀಲನ್, ಎಸೆದ ಫ್ಲೂಟಿ, ಇಬ್ಬರೂ ಇದ್ದಾರೆ. ಮರೆತಿರೋದು ಪುಸ್ತಕವಲ್ಲ, ನಮ್ಮ ಬಾಯಿ.

ಇನ್ನು ನಮ್ಮ ಶಾಲೆಯ ವಿಷಯಕ್ಕೆ ಬರೋಣ. ಕಬಡ್ಡಿಯಲ್ಲಿ ರೈಡ್ ಹೋಗಿ ಅಂಕ ತಂದವನಿಗೆ ಎಲ್ಲರೂ ಸಿಳ್ಳೆ ಹಾಕ್ತಾರೆ. ಕಾಲು ಹಿಡಿದು ಮಂಡಿ ತರಚಿಕೊಂಡ ಕ್ಯಾಚರ್ ಹೆಸರು ಯಾರೂ ಕೂಗೋದಿಲ್ಲ. ವಾಲಿಬಾಲ್‌ನಲ್ಲಿ ಹೊಡೆದವಳಿಗೆ ಬಹುಮಾನ, ಬಾಲ್ ಎತ್ತಿ ಕೊಟ್ಟವಳಿಗೆ ಬರೀ ಸುಸ್ತು. ಇದೇ ಗೋಡೆ ಪತ್ರಿಕೆಯ ಕ್ರೀಡಾ ವರದಿಯಲ್ಲೂ ಒಂದೊಂದು ಆಟಕ್ಕೆ ಒಂದೊಂದೇ ಹೆಸರು ಬರುತ್ತದೆ. ಹೆಸರು ಬಾರದವರು ಮಾರನೇ ವರ್ಷ ಆಟಕ್ಕೆ ಬರೋದನ್ನೇ ಬಿಡ್ತಾರೆ. ಆಗ ಎತ್ತಿ ಕೊಡೋರಿಲ್ಲದೆ ಹೊಡೆಯೋರು ಏನು ಹೊಡೀತಾರೆ?

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಕ್ರೀಡಾಕೂಟದ ವರದಿಯನ್ನು ಸ್ಕೋರ್ ಪುಸ್ತಕದ ಹಾಗೆ ಬರೆಯೋಣ. ಅಂಕ ತಂದವರ ಜೊತೆ ಅದಕ್ಕೆ ದಾರಿ ಮಾಡಿಕೊಟ್ಟವರ ಹೆಸರೂ ಇರಲಿ. ಇದಕ್ಕೆ ಖರ್ಚಿಲ್ಲ, ಒಂದು ಸಾಲು ಹೆಚ್ಚು ಶಾಯಿ ಸಾಕು. ಬರೆಯುವ ಕೆಲಸ ನಾವು ಹುಡುಗರೇ ಮಾಡ್ತೇವೆ. ಗೆಳೆಯರೇ, ನೀವೇನಂತೀರಿ? ಒಪ್ಪದಿದ್ದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ