ಬೂದಿ ಮುಚ್ಚಿದ ಕನ್ನಡ

ಸಾಫ್ಟ್‌ವೇರ್ ಕಂಪನಿಗಳ ಮೀಟಿಂಗುಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಬಣ್ಣ ಯಾವುದು ಗೊತ್ತಾ? ಕೆಂಪಲ್ಲ, ನೀಲಿಯೂ ಅಲ್ಲ. ಬೂದು. ಅದೂ ಒಂದು ಬೂದು ಬಣ್ಣಕ್ಕೂ ಅದರ ಪಕ್ಕದ ಮನೆಯ ಬೂದು ಬಣ್ಣಕ್ಕೂ ನಡೆಯುವ ಜಗಳ.

ಮೊನ್ನೆ ನಮ್ಮ ಪ್ರಾಜೆಕ್ಟಿನಲ್ಲಿ ಪುಟದ ಹಿನ್ನೆಲೆಗೆ 245 ಇಡೋದೋ 247 ಇಡೋದೋ ಅಂತ ಮುಕ್ಕಾಲು ಗಂಟೆ ಚರ್ಚೆ ಆಯ್ತು. (ಕಂಪ್ಯೂಟರಿಗೆ ಬೂದು ಅಂದ್ರೆ ಕೆಂಪು, ಹಸಿರು, ನೀಲಿ ಮೂರೂ ಸಮಪಾಲು. 0 ಆದ್ರೆ ಕಪ್ಪು, 255 ಆದ್ರೆ ಬಿಳಿ, ನಡುವೆ ಇರೋದೆಲ್ಲ ಬೂದು.) ಈ ಎರಡರ ನಡುವಿನ ಕಾಂಟ್ರಾಸ್ಟ್ ಅನುಪಾತ 1.02. ಅನುಪಾತ 1 ಅಂದ್ರೆ ಎರಡೂ ಒಂದೇ ಬಣ್ಣ ಅಂತ ಅರ್ಥ, ಉಳಿದದ್ದು ನೀವೇ ಊಹಿಸಿಕೊಳ್ಳಿ. ಪ್ರೊಜೆಕ್ಟರಿನಲ್ಲಂತೂ ಎರಡೂ ಬಿಳಿಯಾಗೇ ಕಾಣ್ತಿದ್ವು. ಆದರೂ ಒಬ್ಬರಿಗೆ 247 "ಸ್ವಲ್ಪ ಗಾಳಿಯಾಡಿದ ಹಾಗೆ" ಅನ್ನಿಸ್ತಂತೆ! ಅದೇ ಪುಟದಲ್ಲಿ, ಅದೇ ಹಿನ್ನೆಲೆಯ ಮೇಲೆ ಕೂರೋ ಅಕ್ಷರಗಳ ಬಣ್ಣ #999. ಅದರ ಬಗ್ಗೆ ಒಬ್ಬರೂ ಒಂದು ನಿಮಿಷ ಖರ್ಚು ಮಾಡಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ, "ಅದು ಟೇಸ್ಟಿನ ವಿಷಯ".

ನನ್ನ ತಕರಾರು ಇರೋದೇ ಇಲ್ಲಿ. ಹಿನ್ನೆಲೆಯ ಬೂದು ಟೇಸ್ಟಿನ ವಿಷಯ, ಒಪ್ಪಿದೆ. 245 ಇಡಿ, 247 ಇಡಿ, ನಾಣ್ಯ ಚಿಮ್ಮಿ ತೀರ್ಮಾನ ಮಾಡಿ. ಆದರೆ ಅಕ್ಷರಕ್ಕೆ ಹಚ್ಚೋ ಬೂದು ಟೇಸ್ಟಲ್ಲ ಸ್ವಾಮಿ, ಲೆಕ್ಕ. ಡಬ್ಲ್ಯೂ3ಸಿಯವರು 2008ರ ಡಿಸೆಂಬರಿನಲ್ಲೇ ಈ ಲೆಕ್ಕವನ್ನು ಡಬ್ಲ್ಯೂಸಿಎಜಿ 2.0 ಅನ್ನೋ ಮಾರ್ಗಸೂಚಿಯಲ್ಲಿ ಬರೆದಿಟ್ಟಿದ್ದಾರೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5 ಅನುಪಾತ ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಈ 4.5 ಕೂಡ ಯಾರೋ ಗಾಳಿಯಲ್ಲಿ ಹೊಡೆದ ಗುಂಡಲ್ಲ. ಸುಮಾರು 80ರ ವಯಸ್ಸಿನವರ ಕಣ್ಣಿಗೆ ಎಷ್ಟು ಬೇಕು ಅಂತ ನೋಡಿ ಇಟ್ಟ ಗೆರೆ.

ಈಗ ಅಳೆಯಿರಿ. ಬಿಳಿ ಹಿನ್ನೆಲೆ ಮೇಲೆ #333 ಇಟ್ಟರೆ 12.63. #666 ಇಟ್ಟರೆ 5.74. #999ಗೆ ಬರೀ 2.85. ಫೇಲ್! ನಮ್ಮ ಮೀಟಿಂಗಿನ 245ರ ಮೇಲಿಟ್ಟರೆ ಇನ್ನೂ ಕೆಳಗೆ, 2.61. ತಮಾಷೆ ನೋಡಿ: ಬಿಳಿ ಮೇಲೆ #777 ಇಟ್ಟರೆ 4.48, ಫೇಲು. #767676 ಇಟ್ಟರೆ 4.54, ಪಾಸು. ಎರಡನ್ನೂ ಅಕ್ಕಪಕ್ಕ ಇಟ್ಟು ಬೇರೆ ಬೇರೆ ಅಂತ ಹೇಳಿದವರಿಗೆ ಒಂದು ಮಸಾಲೆದೋಸೆ ನನ್ನ ಲೆಕ್ಕದಲ್ಲಿ. ಇಂಥ ಒಂದೇ ಮೆಟ್ಟಿಲ ವ್ಯತ್ಯಾಸ ತೋರಿಸಿ "ನೋಡಿ, ನಿಮ್ಮ ಲೆಕ್ಕ ಎಷ್ಟು ಹಾಸ್ಯಾಸ್ಪದ" ಅನ್ನೋರಿದ್ದಾರೆ. ಇಲ್ಲಪ್ಪಾ, ಹಾಸ್ಯಾಸ್ಪದ ಆಗೋದು ಪಾಸ್ ಮಾರ್ಕಿಗೇ ಓದೋ ಹುಡುಗನ ಥರ ಗೆರೆಗೆ ಅಂಟಿಕೊಂಡು ನಿಲ್ಲೋದು. ಬಿಳಿ ಮೇಲೆ ಪಾಸಾದ #767676, ನಾಳೆ ಯಾರೋ ಹಿನ್ನೆಲೆಯನ್ನ 245 ಮಾಡಿದ ತಕ್ಷಣ 4.17ಕ್ಕೆ ಬಿದ್ದು ಫೇಲಾಗುತ್ತೆ. ಯಾರಿಗೂ ಗೊತ್ತೂ ಆಗಲ್ಲ.

ಇದಿಷ್ಟು ಎಲ್ಲ ಭಾಷೆಗೂ ಒಂದೇ. ಕನ್ನಡಕ್ಕೆ ಬಂದ್ರೆ ಕಥೆ ಇನ್ನೂ ಬಿಗಿ.

ಮೇಲಿನ ಲೆಕ್ಕಕ್ಕೆ ಬಣ್ಣ ಗೊತ್ತು, ಲಿಪಿ ಗೊತ್ತಿಲ್ಲ. "ದನ" ಮತ್ತು "ಧನ" ಪಕ್ಕಪಕ್ಕ ಬರೆದು ನೋಡಿ. ವ್ಯತ್ಯಾಸ ಎಲ್ಲಿದೆ? ಅಕ್ಷರದ ಅಡಿಯಲ್ಲಿರೋ ಒಂದು ಸಣ್ಣ ಸೀಳಿನಲ್ಲಿ. ಪ ಫ, ಬ ಭ, ಡ ಢ ಎಲ್ಲದರ ಪಾಡೂ ಅಷ್ಟೇ. ಇನ್ನು "ರಾಷ್ಟ್ರ", "ಶಾಸ್ತ್ರ" ಥರದ ಪದಗಳಲ್ಲಿ ಒಂದು ಅಕ್ಷರದ ಕೆಳಗೆ ಎರಡೆರಡು ಒತ್ತು ಜೋತಾಡ್ತಿರುತ್ತವೆ, ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದಾಗಿ. ಇಷ್ಟು ಸಣ್ಣ ಗೆರೆಗಳಿಗೆ ಬ್ರೌಸರ್ ನೀವು ಕೊಟ್ಟ ಬಣ್ಣವನ್ನ ಪೂರ್ತಿ ಹಚ್ಚೋದೇ ಇಲ್ಲ. ಗೆರೆ ಒಂದು ಪಿಕ್ಸೆಲ್ಲಿಗಿಂತ ತೆಳ್ಳಗಾದಾಗ ಹಿನ್ನೆಲೆಯ ಬಣ್ಣ ಬೆರೆಸಿ, ನೀರು ಮಾಡಿ ಹಚ್ಚುತ್ತೆ. ಅಂದ್ರೆ ನೀವು ಕೊಟ್ಟಿದ್ದು #777 ಆದ್ರೂ ಧ ಅಕ್ಷರದ ಸೀಳಿಗೆ ತಲುಪೋ ಹೊತ್ತಿಗೆ ಅದು ಇನ್ನಷ್ಟು ಬೆಳ್ಳಗಾಗಿರುತ್ತೆ. ಇಂಗ್ಲಿಷಿನವರಿಗೆ ಸಾಕಾಗೋ ಬೂದು ನಮಗೆ ಸಾಕಾಗಲ್ಲ ಅನ್ನೋದಕ್ಕೆ ಭಾಷಾಭಿಮಾನ ಬೇಕಾಗಿಲ್ಲ, ಭೂತಗನ್ನಡಿ ಸಾಕು.

ಹಳೇ ಬ್ಲಾಗಿಗರಿಗೆಲ್ಲ ಮಿನಿಮಾ ಟೆಂಪ್ಲೇಟ್ ನೆನಪಿರಬೇಕು. 2004ರಲ್ಲಿ ಡಗ್ಲಸ್ ಬೌಮನ್ ಮಾಡಿದ್ದು. ಬಿಳಿ ಪುಟ, ಎಷ್ಟೊಂದು ಕನ್ನಡ ಬ್ಲಾಗುಗಳ ಮನೆ ಅದೇ ಆಗಿತ್ತು. ಅದರಲ್ಲಿ ಬರಹದ ಬಣ್ಣ #333, ಚೆನ್ನಾಗೇ ಇತ್ತು. ಆದರೆ ದಿನಾಂಕ, ಪಕ್ಕದ ಪಟ್ಟಿಯ ತಲೆಬರಹ, ಅಡಿಬರಹ ಎಲ್ಲ #999, ಗಾತ್ರವೂ 78 ಪರ್ಸೆಂಟಿಗೆ ಇಳಿಸಿದ್ದು. ಇಂಗ್ಲಿಷಿನಲ್ಲಿ ಅದು ಹೇಗೋ ನಡೀತಿತ್ತು. ಯಾಕೆ ಅಂದ್ರೆ ಅದೇ ಟೆಂಪ್ಲೇಟು ಆ ಪದಗಳನ್ನ ಕ್ಯಾಪಿಟಲ್ ಅಕ್ಷರಕ್ಕೆ ಬದಲಾಯಿಸಿ, ನಡುವೆ ಜಾಗ ಬಿಟ್ಟು, ಬಣ್ಣ ಕಸಿದುಕೊಂಡಿದ್ದನ್ನ ಬೇರೆ ದಾರಿಯಲ್ಲಿ ವಾಪಸ್ ಕೊಡ್ತಿತ್ತು. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿಂದ ತರೋಣ? ಜಾಗ ಬಿಟ್ಟರೆ ಪದ ಚೂರುಚೂರಾಗುತ್ತೆ. ನಮ್ಮ ಪಾಲಿಗೆ ಉಳಿದದ್ದು ಸಣ್ಣ ಗಾತ್ರ ಮತ್ತು ಬೂದಿ, ಎರಡೇ.

(ಇದೇ ಬೌಮನ್ 2009ರಲ್ಲಿ ಗೂಗಲ್ ಬಿಟ್ಟಾಗ, ಎರಡು ನೀಲಿಗಳ ನಡುವೆ ತೀರ್ಮಾನಕ್ಕೆ ಬರಲಾಗದೆ 41 ನೀಲಿಗಳನ್ನ ಪರೀಕ್ಷೆಗೆ ಹಚ್ಚಿದ ಕಥೆ ಬರೆದಿದ್ದರು. ಓದಿದವರೆಲ್ಲ ಎಂಜಿನಿಯರುಗಳನ್ನ ನೋಡಿ ನಕ್ಕರು. ನನ್ನ ಓಟು ಮಾತ್ರ ಅಳೆದವರಿಗೇ :) )

ಮಿನಿಮಾ ಹೋಯ್ತು, ಅದರ ಬೂದಿ ಉಳೀತು. ಇವತ್ತಿನ ಆ್ಯಪುಗಳಲ್ಲಿ ದಿನಾಂಕ, ಷರತ್ತು, ಸೂಚನೆ ಏನೇ ಇರಲಿ, "ಮುಖ್ಯ ಅಲ್ಲ" ಅನ್ನಿಸಿದ್ದಕ್ಕೆಲ್ಲ ತಿಳಿಬೂದು. ಮುಖ್ಯ ಅಲ್ಲ ಅಂತ ತೀರ್ಮಾನಿಸಿದವರು ಯಾರು? ನಮ್ಮ ದೊಡ್ಡಪ್ಪನಿಗೆ 71 ವರ್ಷ, ಸಾಗರದ ಹತ್ತಿರ ಸ್ವಲ್ಪ ಅಡಿಕೆ ತೋಟ. ಮೊಬೈಲಿನಲ್ಲಿ ಕನ್ನಡದಲ್ಲೇ ಧಾರಣೆ ನೋಡ್ತಾರೆ. ಒಂದು ಪುಟದಲ್ಲಿ ರೇಟು ಕಪ್ಪಗೆ ದಪ್ಪಗೆ, ಅದು ಯಾವ ದಿನದ ರೇಟು ಅನ್ನೋದು ಕೆಳಗೆ ಬೂದು ಬಣ್ಣದಲ್ಲಿ. ಅಂಗಳದ ಬಿಸಿಲಿಗೆ ಆ ದಿನಾಂಕ ಕಂಡೇ ಇಲ್ಲ. ನಾಲ್ಕು ದಿನದ ಹಿಂದಿನ ಧಾರಣೆಯನ್ನ ಇವತ್ತಿನದು ಅಂದ್ಕೊಂಡು ಮೂಟೆ ಹೇರಿಸಿಕೊಂಡು ಹೋಗಿದ್ದಾರೆ. ಮಂಡಿಯಲ್ಲಿ ಎರಡು ಮಾತು ಅನ್ನಿಸಿಕೊಂಡು ಬಂದರು. "ನಂಗೆ ಈ ಫೋನೆಲ್ಲ ಬರೋದಿಲ್ಲ ಮಾಣಿ" ಅಂತಾರೆ ಈಗ. ನನಗೆ ಹೊಟ್ಟೆ ಉರಿದಿದ್ದು ಆ ಮಾತಿಗೆ. ಅವರಿಗೆ ಫೋನು ಚೆನ್ನಾಗಿಯೇ ಬರುತ್ತೆ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಮಸೂರ ಹಳದಿಗಟ್ಟುತ್ತೆ, ಒಳಗೆ ಹೋಗೋ ಬೆಳಕೇ ಕಮ್ಮಿ. ಅದರ ಮೇಲೆ ಯಾವುದೋ ಎಸಿ ರೂಮಿನ ದುಬಾರಿ ಮಾನಿಟರಿನಲ್ಲಿ ಆರಿಸಿದ ಬೂದು. ತಪ್ಪು ಮಾತ್ರ ಓದುಗನ ತಲೆಗೆ.

"ಕಡುಕಪ್ಪು ಕಣ್ಣಿಗೆ ಚುಚ್ಚುತ್ತೆ, ಅದಕ್ಕೇ ಬೂದು" ಅನ್ನೋ ವಾದ ಬಂದೇ ಬರುತ್ತೆ. ಕಡುಕಪ್ಪು ಕೇಳಿದವರ್ಯಾರು? #333 ಇಡಿ. ಹನ್ನೆರಡೂವರೆ ಅನುಪಾತ ಸಿಗುತ್ತೆ, ಚುಚ್ಚೋದೂ ಇಲ್ಲ. ಕಪ್ಪು ಬೇಡ ಅಂತ ಶುರುವಾದ ವಾದ #999ಗೆ ಬಂದು ಯಾಕೆ ನಿಲ್ಲಬೇಕು? ಮುಖ್ಯವಾದದ್ದು ಎದ್ದು ಕಾಣಲಿ ಅಂತಿದ್ರೆ ಅದನ್ನ ದೊಡ್ಡದು ಮಾಡಿ, ದಪ್ಪ ಮಾಡಿ, ಮೇಲಕ್ಕೆ ತನ್ನಿ. ಉಳಿದದ್ದನ್ನ ಅಳಿಸೋ ಅಗತ್ಯ ಇಲ್ಲ. ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನ ಡಿಸೈನ್ ಅಂತ ಯಾರೂ ಕರೆಯಲ್ಲ, ಆದರೆ ಕೋಣೆಯ ಆ ಮೂಲೆಯಿಂದ ಅಜ್ಜಿ ತಾರೀಖು ಓದ್ತಾರೆ.

ಇನ್ನು ಹೆಸರು ನಂಬಿ ಬಣ್ಣ ಆರಿಸೋರಿಗೆ ಒಂದು ಮಾತು. ಸಿಎಸ್ಎಸ್‌ನಲ್ಲಿ "ಗ್ರೇ" ಅಂದ್ರೆ 128, "ಡಾರ್ಕ್‌ಗ್ರೇ" ಅಂದ್ರೆ 169. ಹೌದು, ಡಾರ್ಕ್ ಅನ್ನೋದೇ ಹೆಚ್ಚು ಬೆಳ್ಳಗಿದೆ! ಎರಡು ಬೇರೆ ಬೇರೆ ಪಟ್ಟಿಗಳ ಹೆಸರುಗಳನ್ನ ಒಟ್ಟಿಗೆ ಕಲಸಿದ್ದರ ಫಲ. ಬಿಳಿ ಮೇಲೆ ಗ್ರೇಗೆ 3.95, ಡಾರ್ಕ್‌ಗ್ರೇಗೆ 2.35. ಗಾಢವಾಗಿರಲಿ ಅಂತ ಡಾರ್ಕ್ ಹಾಕಿದವನ ಕಥೆ ಏನು ಹೇಳಿ.

ನಿಮ್ಮ ಟೆಂಪ್ಲೇಟಿನ ಒಳಗೆ ಒಮ್ಮೆ #999 ಅಂತ ಹುಡುಕಿ ನೋಡಿ. ಸಿಕ್ಕ ಕಡೆಯೆಲ್ಲ #555 ಹಾಕಿ, ಬಿಳಿ ಮೇಲೆ 7.46 ಬರುತ್ತೆ, ಬೂದು ಇನ್ನೂ ಬೂದಾಗೇ ಇರುತ್ತೆ. ಆಮೇಲೆ ಮೊಬೈಲ್ ಹಿಡ್ಕೊಂಡು ಮಧ್ಯಾಹ್ನದ ಬಿಸಿಲಿಗೆ ಹೋಗಿ, ಮನೆಯಲ್ಲಿರೋ ಹಿರಿಯರ ಕೈಗೆ ಕೊಟ್ಟು, ದಿನಾಂಕ ಓದಿಸಿ.