ಕಾಗೆ ಕೂತಿತು, ಟೊಂಗೆ ಮುರಿಯಿತು



ಒಣಗಿದ ಟೊಂಗೆಯ ಮೇಲೆ ಕಾಗೆಯೊಂದು ಬಂದು ಕುಳಿತ ಗಳಿಗೆಯಲ್ಲಿಯೇ ಟೊಂಗೆ ಮುರಿದು ಬಿದ್ದರೆ, ಕಾಗೆಯ ಭಾರಕ್ಕೇ ಮುರಿಯಿತೆನ್ನುವವರನ್ನು ಕಂಡು ನಮ್ಮ ಹಿರಿಯರು ನಕ್ಕಿದ್ದಾರೆ. ಸಂಸ್ಕೃತ ಪಂಡಿತರು ಟೊಂಗೆಯ ಬದಲಿಗೆ ತಾಳೆಹಣ್ಣನ್ನು ಇಟ್ಟುಕೊಂಡು ಇದನ್ನೇ ಕಾಕತಾಲೀಯ ನ್ಯಾಯವೆಂದರು. ಗಾದೆಯನ್ನು ನಾವೆಲ್ಲ ಬಲ್ಲೆವು. ಪರರ ಮಾತಿಗೆ ಹಚ್ಚಿ ನಗುವುದನ್ನೂ ಬಲ್ಲೆವು. ನಮ್ಮ ಮನೆಯ ಮಾತಿಗೆ, ನಮ್ಮ ಹೊಲದ ಮಾತಿಗೆ, ನಮ್ಮ ಪಕ್ಷದ ಮಾತಿಗೆ ಹಚ್ಚಿ ನೋಡುವ ರೂಢಿ ಮಾತ್ರ ಕಡಿಮೆ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಮಳೆಗೆ ಬರವಿದ್ದೀತು, ವಾದಕ್ಕೆ ಬರವಿಲ್ಲ. ಆದರೆ ನಾವು ವಾದವೆಂದು ಕರೆಯುವುದೆಲ್ಲವೂ ವಾದವಲ್ಲ. ಗೌತಮನ ನ್ಯಾಯಸೂತ್ರಗಳು ಮಾತಿನ ಕಾದಾಟವನ್ನು ಮೂರಾಗಿ ವಿಂಗಡಿಸುತ್ತವೆ. ನಿಜವನ್ನು ತಿಳಿಯಬೇಕೆಂದು ಇಬ್ಬರು ಕೂಡಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಹೇಳದೆ ಎದುರಿಗನನ್ನು ಕೆಡಹುವುದಷ್ಟೇ ವಿತಂಡೆ. ಮೂರನೆಯದರ ಹೆಸರು ನಮ್ಮ ಆಡುಮಾತಿನಲ್ಲಿ ಉಳಿದುಕೊಂಡಿರುವುದು ಏನನ್ನು ಸೂಚಿಸುತ್ತದೆಂಬುದನ್ನು ಓದುಗರೇ ಊಹಿಸಬಹುದು.

ನೈಯಾಯಿಕರು ಕೊಡುವ ನಿದರ್ಶನ ಬಲು ಹಳೆಯದು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ಇಲ್ಲಿ ಹೊಗೆಯೇ ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ತಪ್ಪದ ನಂಟಿಗೆ ವ್ಯಾಪ್ತಿಯೆಂದು ಹೆಸರು. ಈ ನಂಟು ಗಟ್ಟಿಯಾಗಿದ್ದರೆ ಮಾತು ನಿಲ್ಲುತ್ತದೆ, ಸಡಿಲವಾಗಿದ್ದರೆ ಬೀಳುತ್ತದೆ. ಅದೇ ಮಾತನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಹೇಳಿ ನೋಡಿ. ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕೆಂಪು ಕಬ್ಬಿಣ ಒಂದೇ ಸಾಕು ಆ ಮಾತನ್ನು ಕೆಡವಲು. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಯಾವ ವಾದವನ್ನು ಕೇಳಿದರೂ ಅದರೊಳಗೆ ಅಡಗಿರುವ ಈ ನಂಟನ್ನು ಹೊರಗೆಳೆದು, ಇಂಥದೊಂದು ಕೆಂಪು ಕಬ್ಬಿಣ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುವುದು ವಿಚಾರವಂತರ ಕೆಲಸ.

ಇದಕ್ಕೆ ದೂರ ಹೋಗಬೇಕಿಲ್ಲ. ಇಡೀ ದೇಶವೇ ಆಳಂದದ ಹೆಸರನ್ನು ಕೇಳಿದ ಪ್ರಕರಣವೊಂದು ನಮ್ಮೆದುರಿಗಿದೆ. ಪಕ್ಷಭೇದವನ್ನು ಹೊರಗಿಟ್ಟು ಅದನ್ನು ಬಿಡಿಸಿ ನೋಡೋಣ.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರುವ ನಮೂನೆ 7ರ ಅರ್ಜಿಗಳು ಗಣಕಜಾಲದ ಮೂಲಕ ಬಂದವು. ಅವುಗಳ ಸಂಖ್ಯೆ 6,018. ಇಷ್ಟೊಂದು ಅರ್ಜಿಗಳು ಒಮ್ಮೆಲೇ ಬಂದುದನ್ನು ಕಂಡು ಚುನಾವಣಾ ಅಧಿಕಾರಿಗಳು ಸಿಬ್ಬಂದಿಯಿಂದ ಸ್ಥಳ ಪರಿಶೀಲನೆ ಮಾಡಿಸಿದರು. ಮತಗಟ್ಟೆಯ ಸಿಬ್ಬಂದಿಯೊಬ್ಬರಿಗೆ ತಮ್ಮ ಬಂಧುವಿನ ಹೆಸರನ್ನೇ ತೆಗೆಯಬೇಕೆಂಬ ಅರ್ಜಿ ಬಂದುದರಿಂದ ಸಂಶಯ ಮೊಳೆಯಿತೆಂದೂ, ಅರ್ಜಿದಾರರೆಂದು ಹೆಸರಿದ್ದವರನ್ನು ಕೇಳಿದರೆ ತಮಗೇನೂ ತಿಳಿಯದೆಂದು ಹೇಳಿದರೆಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ಪರಿಶೀಲನೆ ಮುಗಿದಾಗ 24 ಅರ್ಜಿಗಳು ಮಾತ್ರ ಸರಿಯಾದವು. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಚುನಾವಣಾ ಅಧಿಕಾರಿಯೇ ಪೊಲೀಸರಲ್ಲಿ ದೂರು ದಾಖಲಿಸಿದರು. ಎರಡೂವರೆ ವರ್ಷಗಳ ಅನಂತರ, 2025ರ ಸೆಪ್ಟೆಂಬರ್ 18ರಂದು, ಲೋಕಸಭೆಯ ವಿರೋಧ ಪಕ್ಷದ ನಾಯಕರು ದೆಹಲಿಯಲ್ಲಿ ಈ ವಿಷಯವನ್ನೆತ್ತಿದರು. ಚುನಾವಣಾ ಆಯೋಗ ಅಂದೇ ಉತ್ತರಿಸಿತು. ಅದೇ ತಿಂಗಳು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು.

ಆ ದಿನಗಳಲ್ಲಿ ಕಟ್ಟೆಗಳ ಮೇಲೆ ಹೊರಳಿದ ಮಾತುಗಳನ್ನು ನೆನಪಿಗೆ ತಂದುಕೊಳ್ಳಿ. "ಆರು ಸಾವಿರ ಜನರ ಹೆಸರು ತೆಗೆದುಬಿಟ್ಟರು" ಎಂದು ಒಬ್ಬರು. "ಒಂದು ಹೆಸರೂ ಹೋಗಿಲ್ಲ, ಏನೂ ನಡೆದೇ ಇಲ್ಲ" ಎಂದು ಇನ್ನೊಬ್ಬರು. ಇಬ್ಬರ ದನಿಯೂ ಏರಿತು. ದಾಖಲೆಯನ್ನು ನೋಡಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ. ಆರು ಸಾವಿರ ಎಂಬುದು ಅರ್ಜಿಗಳ ಸಂಖ್ಯೆಯೇ ಹೊರತು ತೆಗೆದ ಹೆಸರುಗಳ ಸಂಖ್ಯೆಯಲ್ಲ. ಹೆಸರುಗಳು ಉಳಿದವೆಂಬುದು ಯತ್ನವೇ ನಡೆಯಲಿಲ್ಲವೆಂಬುದಕ್ಕೆ ಹೇತುವಾಗದು. ಬಾಗಿಲ ಕೀಲಿಯನ್ನು ಮೀಟಿದವನು ಒಳಗೆ ಬರಲಾಗದೆ ಹೋದನೆಂದ ಮಾತ್ರಕ್ಕೆ ಅಂದು ಕಳ್ಳ ಬಂದಿರಲಿಲ್ಲವೆಂದು ಯಾವ ಮನೆಯ ಯಜಮಾನಿಯೂ ಹೇಳಲಾರಳು. ವಿಫಲ ಯತ್ನಗಳು ನಡೆದುವೆಂದು ಆಯೋಗವೇ ಒಪ್ಪಿತ್ತು. ಹೀಗೆ ಒಂದೇ ಪದವನ್ನು ಇಬ್ಬರು ಎರಡು ಅರ್ಥದಲ್ಲಿ ಹಿಡಿದು ಹಗಲೆಲ್ಲ ಹೋರಾಡುವುದುಂಟು, "ನೀವು ಹೇಳುತ್ತಿರುವುದು ಅರ್ಜಿಯ ಮಾತೋ, ಹೆಸರು ಹೋದ ಮಾತೋ?" ಎಂದು ಮೂರನೆಯವರೊಬ್ಬರು ಮೆಲ್ಲನೆ ಕೇಳಿದ್ದರೆ ಅರ್ಧ ಜಗಳ ಅಲ್ಲಿಯೇ ತೀರುತ್ತಿತ್ತು.

ಮೂರನೆಯ ಮಾತೊಂದಿತ್ತು, ಅದು ಇನ್ನೂ ಜಾಣತನದ್ದು. "ದೂರಿದ ಪಕ್ಷದ ಅಭ್ಯರ್ಥಿಯೇ ಅಲ್ಲಿ ಗೆದ್ದರಲ್ಲ, ಹಾಗಾದರೆ ಮೋಸವೆಲ್ಲಿ?" ಕೇಳಿದೊಡನೆ ಬಾಯಿ ಕಟ್ಟುವಂಥ ಮಾತು. ಇದರೊಳಗಿನ ನಂಟನ್ನು ಹೊರಗೆಳೆಯಿರಿ. ಮೋಸದ ಯತ್ನ ನಡೆದಲ್ಲೆಲ್ಲ ಎದುರು ಪಕ್ಷ ಸೋಲಲೇಬೇಕು ಎಂಬುದು ಆ ನಂಟು. ಹೀಗೆ ಬಿಡಿಸಿ ಹೇಳಿದರೆ ಯಾರೂ ಒಪ್ಪರು. ಯತ್ನ ವಿಫಲವಾಗಬಹುದು, ಸಕಾಲದಲ್ಲಿ ಸಿಕ್ಕಿಬೀಳಬಹುದು, ಇಲ್ಲಿ ಸಿಕ್ಕಿಬಿದ್ದದ್ದೂ ಹಾಗೆಯೇ. ಫಲವನ್ನು ನೋಡಿ ಹಿಂದೆ ನಡೆದದ್ದನ್ನು ತೀರ್ಮಾನಿಸುವ ಈ ಚಾಳಿಯೇ ನಮ್ಮ ಕಾಗೆ. ಇನ್ನು ಆ ಬದಿಯವರೂ ಕಡಿಮೆಯಿರಲಿಲ್ಲ. "ಅರ್ಜಿಗಳು ಸುಳ್ಳೆಂದು ರುಜುವಾಯಿತು, ಆದ್ದರಿಂದ ಮಾಡಿದವರು ಇಂಥವರೇ" ಎಂದರು. ಅರ್ಜಿ ಸುಳ್ಳೆಂಬುದು ಸ್ಥಳ ಪರಿಶೀಲನೆಯಿಂದ ತಿಳಿದದ್ದು. ಹಾಕಿದವರು ಯಾರೆಂಬುದು ಅದರಿಂದ ತಿಳಿಯುವ ಸಂಗತಿಯಲ್ಲ. ಯಾರಿಗೆ ಲಾಭ ಎಂಬ ಪ್ರಶ್ನೆ ಸಂಶಯಕ್ಕೆ ದಾರಿ ತೋರಬಲ್ಲುದು. ಅಪರಾಧ ಯಾರದೆಂಬುದು ತನಿಖೆ ಮತ್ತು ನ್ಯಾಯಾಲಯಗಳಿಂದಲೇ ತೀರ್ಮಾನವಾಗಬೇಕು.

ನನ್ನ ಮೆಚ್ಚುಗೆ ಇವರಾರಿಗೂ ಅಲ್ಲ, ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಮನೆಗೆ ಹೋಗಿ "ಇದನ್ನು ನೀವೇ ಹಾಕಿದಿರಾ?" ಎಂದು ಕೇಳಿದ ಆ ಕೆಳಹಂತದ ಸಿಬ್ಬಂದಿಗೆ. ಈ ಪ್ರಕರಣದಲ್ಲಿ ಮಾತಿಗಿಂತ ಮೊದಲು ಪ್ರಮಾಣವನ್ನು ಹುಡುಕಿದವರು ಅವರು.

ಪ್ರಶ್ನೆ ಕೇಳುವುದೆಂದರೆ ಅವಿಧೇಯತೆಯೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಮಗಳು ಏಕೆ ಎಂದರೆ ತಾಯಿ ಕಣ್ಣು ಬಿಡುತ್ತಾಳೆ. ಸೊಸೆ ಏಕೆ ಎಂದರೆ ಅಡುಗೆಮನೆಯೇ ನಿಶ್ಶಬ್ದವಾಗುತ್ತದೆ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ಇದು ಒಪ್ಪುವ ಮಾತಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯನ್ನು ತೆರೆದು ನೋಡಿ. ಇಡೀ ಗ್ರಂಥವೇ ಸಂವಾದ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಟುವಾಗಿ ಪ್ರಶ್ನಿಸುತ್ತಾರೆ, ಆಕೆ ಒಂದೊಂದಕ್ಕೂ ಉತ್ತರಿಸುತ್ತಾಳೆ. ಪ್ರಶ್ನಿಸಿದ್ದರಿಂದ ಇಬ್ಬರ ಗೌರವವೂ ಕುಂದಲಿಲ್ಲ.

ಪ್ರಶ್ನಿಸದಿರುವುದರ ಬೆಲೆಯನ್ನು ಕೆಲವೊಮ್ಮೆ ಮಕ್ಕಳು ತೆರಬೇಕಾಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ಮಗ್ಗುಲಲ್ಲೇ ಇರುವ ತಾಜಸುಲ್ತಾನಪುರದಲ್ಲಿ ವಿಕಲಚೇತನ ಮಕ್ಕಳನ್ನು ಕುತ್ತಿಗೆಯವರೆಗೆ ಹೂಳಲಾಗಿತ್ತು. ಗ್ರಹಣ ಬಿಡುವವರೆಗೆ ಹಾಗೆ ಇರಿಸಿದರೆ ಅಂಗವೈಕಲ್ಯ ನೀಗುವುದೆಂಬ ನಂಬಿಕೆ. ಅಳುವ ಕೂಸಿನ ಚಿತ್ರವನ್ನು ಕಂಡು ನಾಡೇ ಮರುಗಿತು. ತಾಯಿತಂದೆಯರನ್ನು ಕ್ರೂರಿಗಳೆಂದು ಬಯ್ದವರೂ ಬಹಳ. ನಾನು ಹಾಗೆನ್ನಲಾರೆ. ನಡೆಯಲಾರದ ಮಗುವನ್ನು ವರ್ಷಗಟ್ಟಲೆ ಹೊತ್ತು ತಿರುಗಿದ ತಾಯಿಗೆ "ಇಂಥವರ ಮಗು ಹೂಳಿದ ಮೇಲೆ ನಡೆಯಿತಂತೆ" ಎಂಬ ಮಾತು ಕಿವಿಗೆ ಬಿದ್ದರೆ, ಆ ಮಾತಿನಲ್ಲಿ ಹೇತುವನ್ನು ಹುಡುಕುವಷ್ಟು ನಿರಾಳ ಆಕೆಗೆಲ್ಲಿಂದ ಬರಬೇಕು? ಹುಡುಕಬೇಕಾದವರು ಪಕ್ಕದಲ್ಲಿ ನಿಂತ ನಾವು.

ಹೂಳಿದ ಮೇಲೆ ನಡೆದ ಮಗುವಿನ ಕಥೆ ಊರೂರು ತಿರುಗುತ್ತದೆ. ಹೂಳಿದರೂ ನಡೆಯದ ಮಕ್ಕಳೆಷ್ಟು? ಅವರ ಕಥೆಯನ್ನು ಯಾರೂ ಹೇಳುವುದಿಲ್ಲ, ಹೇಳಲು ಅದರಲ್ಲಿ ಏನಿದೆ? ಹೂಳದೆಯೇ, ತಡವಾಗಿಯಾದರೂ, ನಡೆಯಲು ಕಲಿತ ಮಕ್ಕಳೆಷ್ಟು? ಬೆಳವಣಿಗೆ ನಿಧಾನವಾದ ಎಷ್ಟೋ ಮಕ್ಕಳು ಅಂಗಸಾಧನೆಯಿಂದಲೂ ಕೆಲವರು ವಯಸ್ಸು ಬಂದಂತೆ ತಾವಾಗಿಯೂ ಹೆಜ್ಜೆಯಿಡುತ್ತಾರೆ. ಹೂಳದೆ, ನಡೆಯದೆಯೂ ಉಳಿದವರದು ನಾಲ್ಕನೆಯ ಲೆಕ್ಕ. ಈ ನಾಲ್ಕೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಹೂಳುವುದರಿಂದ ಏನಾದರೂ ಆಯಿತೇ ಎಂಬುದು ತಿಳಿಯುವುದು. ನಾವು ಕೇಳುವುದು ಮೊದಲನೆಯದನ್ನು ಮಾತ್ರ. 2017ರಲ್ಲಿ ಅಂಗೀಕಾರಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿಗಳ ನಿಷೇಧದ ಕಾನೂನು ಇದೆ, ಇರಬೇಕಾದದ್ದೇ. ಆದರೆ ಮನೆಗೆ ಬಂದು ಲೆಕ್ಕ ಕೇಳುವುದು ಕಾನೂನಿನ ಕೈಲಾಗದ ಕೆಲಸ.

ಹೊಲದ ಮಾತಿಗೂ ಇದೇ ಲೆಕ್ಕ. ತೊಗರಿಯ ಕಣಜವೆಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ 2022ರ ಹಂಗಾಮಿನ ಬೆಳೆ ನೆಟೆ ರೋಗಕ್ಕೆ ಸಿಕ್ಕು ಎಕರೆಗಟ್ಟಲೆ ಒಣಗಿದ್ದನ್ನು ಯಾರೂ ಮರೆತಿಲ್ಲ. ಹೂವಾಡುವ, ಕಾಯಿ ಕಟ್ಟುವ ಹೊತ್ತಿನಲ್ಲಿ ಗಿಡ ನಿಂತಲ್ಲೇ ಬಾಡುತ್ತದೆ. ರೈತ ಆ ವಾರ ಹೊಡೆದ ಎಣ್ಣೆಯನ್ನು ಬಯ್ಯುತ್ತಾನೆ. ಬಾಡದೆ ಉಳಿದ ಹೊಲದವನು ತಾನು ಹೊಡೆದ ಟಾನಿಕ್ಕನ್ನು ಹೊಗಳುತ್ತಾನೆ. ಮರುದಿನ ಗೊಬ್ಬರದಂಗಡಿಯಲ್ಲಿ ಆ ಟಾನಿಕ್ಕಿಗೆ ಸಾಲು ನಿಲ್ಲುತ್ತದೆ. ನಿಜಸ್ಥಿತಿಯೇ ಬೇರೆ. ನೆಟೆಗೆ ಕಾರಣವಾದ ಶಿಲೀಂಧ್ರ ಮಣ್ಣಿನಲ್ಲಿಯೂ ಹಿಂದಿನ ಬೆಳೆಯ ಕೂಳೆಯಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತದೆ. ಗಿಡ ಎಳೆಯದಿದ್ದಾಗಲೇ ಬೇರಿನಿಂದ ಒಳಹೊಕ್ಕು, ತಿಂಗಳುಗಳ ಅನಂತರ ತನ್ನ ಕೆಲಸವನ್ನು ತೋರಿಸುತ್ತದೆ. ಕಾರಣ ಮುಂಗಾರಿನಲ್ಲಿ, ಫಲ ಹಿಂಗಾರಿನಲ್ಲಿ. ನಡುವೆ ಬಂದು ಕುಳಿತ ಕಾಗೆಗೆ ಹೊಣೆಯನ್ನೂ ಹೊಗಳಿಕೆಯನ್ನೂ ಹೊರಿಸುತ್ತೇವೆ. ಎಲೆಯ ಮೇಲೆ ಸಿಂಪಡಿಸಿದ್ದು ಬೇರಿನ ರೋಗಕ್ಕೆ ಹೇಗೆ ತಲುಪೀತೆಂದು ಅಂಗಡಿಯಲ್ಲಿ ಕೇಳುವವರು ವಿರಳ.

ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ನೆಟೆಯನ್ನು ತಾಳುವ ತಳಿಯನ್ನು ಆರಿಸಿದ ಬಗೆ ಇಲ್ಲಿ ನೆನೆಯಬೇಕಾದದ್ದು. ರೋಗವಿಲ್ಲದ ಒಳ್ಳೆಯ ಹೊಲದಲ್ಲಿ ಬೆಳೆದು "ಇದು ಬಾಡಲಿಲ್ಲ" ಎಂದು ಅವರು ಹೇಳಲಿಲ್ಲ. ಬೇಕೆಂದೇ ರೋಗದ ಮಣ್ಣನ್ನು ಸಿದ್ಧಪಡಿಸಿ, ಬಾಡುವ ತಳಿಯನ್ನೂ ಪರೀಕ್ಷೆಯ ತಳಿಯನ್ನೂ ಅಲ್ಲಿಯೇ ಅಕ್ಕಪಕ್ಕ ಬಿತ್ತಿ ನೋಡಿದರು. ಅಂಥ ಮಣ್ಣಿನಲ್ಲಿ ಉಳಿದು ಬಂದದ್ದೇ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ತಳಿ. ಜೋಳದೊಡನೆ ಬೆಳೆಯನ್ನು ಬದಲಿಸಿದರೆ ರೋಗ ತಗ್ಗುವುದೆಂಬುದೂ ಹೀಗೆಯೇ, ಮಾಡಿದ ಹೊಲವನ್ನು ಮಾಡದ ಹೊಲದೊಡನೆ ತೂಗಿ ಕಂಡುಕೊಂಡದ್ದು.

ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಅಫಜಲಪುರದ ಎರೆ ಹೊಲದಲ್ಲಾಗಲಿ ಜೇವರ್ಗಿಯ ಎರೆ ಹೊಲದಲ್ಲಾಗಲಿ ಬರುವ ಮುಂಗಾರಿಗೆ ಹೊಸ ಔಷಧವೊಂದನ್ನು ಯಾರಾದರೂ ಶಿಫಾರಸು ಮಾಡಿದರೆ, ಹೊಲಕ್ಕೆಲ್ಲ ಹೊಡೆಯಿರಿ, ನಾಲ್ಕು ಸಾಲು ಮಾತ್ರ ಬಿಡಿ. ಆ ನಾಲ್ಕು ಸಾಲು ಬದುವಿನ ಅಂಚಿನವಾಗಬಾರದು, ನೀರು ನಿಲ್ಲುವ ತಗ್ಗಿನವೂ ಆಗಬಾರದು. ಆದರೆ ಮಣ್ಣಿನ ಗುಣವನ್ನೇ ಔಷಧದ ಗುಣವೆಂದು ಎಣಿಸಿಬಿಟ್ಟೇವು. ಹೊಲದ ನಡುವೆ, ಅದೇ ಬೀಜ, ಅದೇ ದಿನದ ಬಿತ್ತನೆ. ಎರಡೂ ತುದಿಗೆ ಗುರುತಿನ ಗೂಟ ನೆಟ್ಟು, ಯಾವುದು ಯಾವುದೆಂದು ಶಾಲೆಗೆ ಹೋಗುವ ಮಗ ಅಥವಾ ಮಗಳ ಪಟ್ಟಿಪುಸ್ತಕದಲ್ಲಿ ಬರೆಸಿಡಿ. ರಾಶಿಯ ಕಾಲಕ್ಕೆ ಆ ನಾಲ್ಕು ಸಾಲನ್ನೂ ಮಗ್ಗುಲಿನ ನಾಲ್ಕು ಸಾಲನ್ನೂ ಬೇರೆಬೇರೆಯಾಗಿ ಬಡಿದು, ಬೇರೆಬೇರೆ ಚೀಲಕ್ಕೆ ತುಂಬಿ, ಮಕ್ಕಳ ಕೈಯಿಂದಲೇ ತೂಗಿಸಿ. ತೂಕ ಎಷ್ಟು ಬಂತೆಂದು ಅಂಗಡಿಯವನಿಗೂ ಹೋಗಿ ಹೇಳಿ ಬನ್ನಿ.